ಹಗುರದ ಲ್ಯಾಪ್‌ಟಾಪ್ ಮತ್ತು ಕಿಟಕಿ ಪಕ್ಕದ ಸೀಟು

ಕೆಲವರಿಗೆ ಸಾಮಾನು ಕೊಳ್ಳುವ ಯೋಗ ಇರುತ್ತದೆ. ಅಂಗಡಿಗೆ ಹೋಗುತ್ತಾರೆ, ದುಡ್ಡು ಕೊಡುತ್ತಾರೆ, ತರುತ್ತಾರೆ. ನನ್ನ ಹಣೆಬರಹ ಹಾಗಲ್ಲ. ಒಂದು ಸೂಜಿ ಕೊಳ್ಳಲು ಹೊರಟರೂ ನಾಲ್ಕು ಜನ ನಗುವಂಥದ್ದೇನೋ ಆಗಿಯೇ ಆಗುತ್ತದೆ. ಮೊದಮೊದಲು ಬೇಸರವಾಗುತ್ತಿತ್ತು. ಈಗ ಅದನ್ನೂ ಬಿಟ್ಟಿದ್ದೇನೆ, ಬೇಸರಪಡಲಿಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ. ಹಗುರದ ಲ್ಯಾಪ್‌ಟಾಪ್ ಹುಡುಕಲು ಹೊರಟಾಗ ಆದದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಎರಡು ಮುಲಾಮು

ಊರಿಗೊಬ್ಬರ ಹತ್ತಿರ ಲ್ಯಾಪ್‌ಟಾಪ್ ಇದ್ದರೆ ಹೆಚ್ಚು ಎನ್ನುವ ಕಾಲ ಅದು. ನಮ್ಮ ಮನೆ ಚಳ್ಳಕೆರೆಯಲ್ಲಿ, ನಾನು ಇತಿಹಾಸ ಪಾಠ ಮಾಡುತ್ತಿದ್ದ ಕಾಲೇಜು ಮೊಳಕಾಲ್ಮುರಿನಲ್ಲಿ. ದಿನಾ ಪ್ರೈವೇಟ್ ಬಸ್ಸು. ಮನೆಯಲ್ಲಿ ಒಲೆ, ಕಾಲೇಜಿನಲ್ಲಿ ಗದ್ದಲ. ಹುಡುಗರಿಗೆ ನೋಟ್ಸ್ ಸಿದ್ಧಮಾಡಲು ನನಗೆ ನೆಮ್ಮದಿಯ ಹೊತ್ತು ಅಂತ ಸಿಗುತ್ತಿದ್ದದ್ದು ಬಸ್ಸಿನಲ್ಲಿ ಕೂತಾಗ ಮಾತ್ರ. ಅದಕ್ಕೆಂದೇ ವಕೀಲನಾಗಿರುವ ನನ್ನ ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪ್ ತಂದುಕೊಂಡಿದ್ದೆ. ತೊಡೆಯ ಮೇಲಿಟ್ಟರೆ ಅರ್ಧ ದಾರಿಗೆ ಕಾಲು ಜೋಮು ಹಿಡಿಯುತ್ತಿತ್ತು.

ಅದರಿಂದ ಒಂದೇ ಒಂದು ಅನುಕೂಲ ಇತ್ತು. ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲೋ ಚೀಲವೋ ಹಾಕಿ ಸೀಟು ಹಿಡಿಯುತ್ತಾರೆ. ನಾನು ಈ ಲ್ಯಾಪ್‌ಟಾಪಿನ ಚೀಲವನ್ನೇ ಒಳಗೆ ಇಳಿಬಿಡುತ್ತಿದ್ದೆ. ಒಮ್ಮೆ ಒಬ್ಬ ಗಟ್ಟಿ ಆಳು ಅದನ್ನು ಒಂದೇ ಕೈಯಲ್ಲಿ ಸರಿಸಲು ನೋಡಿ, ಆಗದೆ, "ಯಾವನ್ಲೇ ಅವನು, ಚೀಲದ ತುಂಬ ಕಲ್ಲು ತುಂಬ್ಯಾನೆ!" ಎಂದು ಬೈದುಕೊಂಡು ಹಿಂದಿನ ಸೀಟಿಗೆ ಹೋಗಿದ್ದ.

ಸೀಟೇನೋ ಸಿಗುತ್ತಿತ್ತು, ಭುಜ ಹೋಯಿತು. ಡಾಕ್ಟರ ಹತ್ತಿರ ಹೋದೆ.

"ಏನು ಭಾರ ಎತ್ತೀರಿ ಮೇಡಂ?"

"ಈ ಚೀಲ ಒಂದೇ ಸಾರ್."

"ಒಂದು ಚೀಲಕ್ಕೆ ಹಿಂಗಾಗ್ತತಾ? ಎಲ್ಲಾ ಮನಸ್ಸಿಂದು ಬಿಡ್ರಿ" ಎಂದು ನಕ್ಕು, ಕುರ್ಚಿಯ ಮೇಲಿದ್ದ ಚೀಲವನ್ನು ಪಕ್ಕಕ್ಕಿಡಲು ಎತ್ತಿದರು. ಎತ್ತಿದವರು ಬಗ್ಗಿದ ಹಾಗೇ ನಿಂತರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು, ಹಗುರದ್ದೊಂದು ತಗೊಳ್ಳಿ ಎಂದು ಸಲಹೆ ಕೊಟ್ಟು, ಕಾಂಪೌಂಡರನ್ನು ಕೂಗಿ ಎರಡು ಮುಲಾಮು ತರಿಸಿದರು. ಒಂದನ್ನು ನನಗೆ ಕೊಟ್ಟರು.

ಜೊಳ್ಳು

ನಮ್ಮ ಮಾವನವರದು ಶೇಂಗಾ ಮಂಡಿ. ಅಂಗೈಯಲ್ಲಿ ಹಿಡಿದೇ ಮಾಲಿನ ತೂಕ ಹೇಳಬಲ್ಲವರು ಎಂದು ಎಣ್ಣೆ ಮಿಲ್ಲಿನವರ ಹತ್ತಿರವೂ ಹೆಸರಿತ್ತು. ಸೊಸೆ ಇಷ್ಟು ಬೆಲೆಯ ಸಾಮಾನು ತರುವಾಗ ತಾವಿಲ್ಲದಿದ್ದರೆ ಹೇಗೆ ಎಂದು ಹೆಗಲಿಗೆ ಶಲ್ಯ ಹಾಕಿಕೊಂಡು ಅಂಗಡಿಗೆ ಬಂದೇಬಿಟ್ಟರು. ನನ್ನ ಯಜಮಾನರು ಹೊರಗೇ ಉಳಿದರು. ಅಪ್ಪ ವ್ಯಾಪಾರ ಮಾಡುವಾಗ ಅವರು ಯಾವತ್ತೂ ಹೊರಗೇ.

ಅಂಗಡಿಯವನು ಒಂದು ದಪ್ಪನೆಯದು, ಒಂದು ತೆಳ್ಳಗಿನದು ತಂದಿಟ್ಟ. ಮಾವ ಎರಡು ಕೈಯಲ್ಲಿ ಎರಡನ್ನೂ ಹಿಡಿದು ಕಣ್ಣು ಮುಚ್ಚಿ ತೂಗಿ ನೋಡಿದರು. ಆಮೇಲೆ ಬೆಲೆ ಕೇಳಿದರು. ತೆಳ್ಳಗಿನದಕ್ಕೇ ಬೆಲೆ ಜಾಸ್ತಿ.

"ಏನಪ್ಪಾ ಇದು, ಮಾಲು ಕಮ್ಮಿ, ರೇಟು ಜಾಸ್ತಿ? ಯಾವ ಮಂಡಿ ನ್ಯಾಯ?"

"ಯಜಮಾನ್ರೇ, ಇದ್ರಾಗೆ ಹಗುರ ಇದ್ದಷ್ಟೂ ರೇಟು."

ಮಾವ ಅದನ್ನು ಕಿವಿಯ ಹತ್ತಿರ ಹಿಡಿದು, ಶೇಂಗಾಕಾಯಿ ಅಲ್ಲಾಡಿಸಿ ನೋಡುವ ಹಾಗೆ ಗಡಗಡ ಅಲ್ಲಾಡಿಸಿದರು. ಅಂಗಡಿಯವನ ಮುಖ ಬಿಳುಚಿಕೊಂಡಿತು.

"ಜೊಳ್ಳು! ಸದ್ದೇ ಇಲ್ಲ. ಒಳಗೆ ಕಾಳಿಲ್ಲ ಕಣವ್ವ."

"ಮಾವ, ಹಗುರದ್ದು ಬೇಕು ಅಂತಾನೇ ಅಲ್ವಾ ನಾವು ಬಂದಿದ್ದು?"

"ಹಗುರದ್ದು ಬೇಕಂದ್ರೆ ಮನೇಲಿ ಮೊರ ಐತೆ, ತಗೊಂಡೋಗು" ಎಂದ ಮಾವ ಅಂಗಡಿಯನ್ನೆಲ್ಲ ಒಮ್ಮೆ ಸುತ್ತಿದರು. ಮೂಲೆಯಲ್ಲಿ ಕರಿ ಡಬ್ಬದಂಥದ್ದೊಂದು ಕೂತಿತ್ತು. ಕಾಲಿನಿಂದ ನೂಕಿದರು, ಅದು ಅಲುಗಲಿಲ್ಲ. ಅವರ ಮುಖ ಅರಳಿತು.

"ಇದೇನು?"

"ಯುಪಿಎಸ್ ಬ್ಯಾಟರಿ, ಯಜಮಾನ್ರೇ."

"ಇದನ್ನ ಕಟ್ಟು. ಇದು ಮಾಲು ಅಂದ್ರೆ."

ಸಣ್ಣ ಜಮೀನು

ಅಂಗಡಿಯವನು ಒಳ್ಳೆಯವನು. ನಾನು ಮತ್ತೆ ಒಬ್ಬಳೇ ಹೋದಾಗ, "ಒಂದಿನ ಇಟ್ಕೊಂಡು ನೋಡ್ರಿ ಮೇಡಂ. ನಿಮ್ಮ ಮಾವನೋರ್ನ ಮಾತ್ರ ಕರ್ಕೊಂಡು ಬರಬ್ಯಾಡ್ರಿ" ಎಂದು ತೆಳ್ಳಗಿನದನ್ನು ಕೈಗೇ ಕೊಟ್ಟ.

ಮರುದಿನ ಭಾನುವಾರದ ವಿಶೇಷ ತರಗತಿ, ಬಸ್ಸು ಖಾಲಿ. ತೊಡೆಯ ಮೇಲಿಟ್ಟುಕೊಂಡು ಟೈಪು ಮಾಡಿದೆ. ಕಾಲು ಜೋಮು ಹಿಡಿಯಲಿಲ್ಲ, ಭುಜ ನೋಯಲಿಲ್ಲ. ಅರ್ಧ ಪಾಠದ ನೋಟ್ಸ್ ಮುಗಿಯಿತು. ಇಷ್ಟು ಸಣ್ಣ ಸುಖಕ್ಕೆ ಕಣ್ಣಲ್ಲಿ ನೀರು ಬರುತ್ತದೆಂದರೆ ನಾನು ಎಷ್ಟು ದಣಿದಿದ್ದೆನೋ ನೀವೇ ಲೆಕ್ಕ ಹಾಕಿ.

ಪಕ್ಕದ ಸೀಟಿನಲ್ಲಿ ದೇವಸಮುದ್ರದ ಕಡೆಯ ಅಜ್ಜ, ಅಜ್ಜಿ ಕೂತಿದ್ದರು. ಅಜ್ಜ ಬಹಳ ಹೊತ್ತಿನಿಂದ ನನ್ನ ತೊಡೆಯನ್ನೇ ನೋಡುತ್ತಿದ್ದ. ಅಜ್ಜಿ, "ಸಿಗ್ಗೆಂದುಕು, ಅಡುಗು" ಎಂದು ತೆಲುಗಿನಲ್ಲಿ ತಿವಿದಳು. ನಾಚಿಕೆ ಯಾಕೆ, ಕೇಳು ಅಂತ.

"ಪಹಣಿ ತೆಗೀತಿಯೇನವ್ವ?" ಎಂದ ಅಜ್ಜ.

ಅವನದೇನೂ ತಪ್ಪಲ್ಲ. ನಮ್ಮ ಕಡೆ ಆಗ ಕಂಪ್ಯೂಟರ್ ಎಂದರೆ ತಾಲ್ಲೂಕು ಕಚೇರಿಯ ಕಿಟಕಿ. ಸಾಲಿನಲ್ಲಿ ನಿಂತರೆ ಅದು ಜಮೀನಿನ ಪಹಣಿ ಕೊಡುತ್ತಿತ್ತು. ಅದಕ್ಕೆ ಬೇರೆ ಕೆಲಸ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ.

"ಇಲ್ಲಜ್ಜ, ಇದ್ರಲ್ಲಿ ಪಹಣಿ ಬರಲ್ಲ" ಎಂದೆ. ಕಾಲೇಜು, ಪಾಠ, ನೋಟ್ಸ್ ಎಲ್ಲವನ್ನೂ ಬಿಡಿಸಿ ಹೇಳಿದೆ. ಅಜ್ಜ ಕೊನೆಯವರೆಗೂ ಕೇಳಿ, ಎಲ್ಲ ತಿಳಿದವನಂತೆ ತಲೆದೂಗಿದ.

"ಗೊತ್ತಾತು ಬಿಡವ್ವ. ಯಂತ್ರ ಸಣ್ಣದೈತೆ, ದೊಡ್ಡ ಜಮೀನು ಹಿಡಿಸಲ್ಲ. ನಮ್ದು ಇರಾದೇ ಒಂದು ತುಂಡು. ಹಿಡಿಸ್ತತೆ, ಹಾಕಿ ನೋಡು."

ತೂಕ

ಅವತ್ತು ಸಂಜೆಯೇ ಹೋಗಿ ಅದನ್ನೇ ಕೊಂಡೆ. ಮಾವ ಚೀಲವನ್ನು ಒಮ್ಮೆ ಎತ್ತಿ ನೋಡಿ, "ಚೀಲ ತಂದೆ, ಸರಿ. ಸಾಮಾನು ಯಾವಾಗ ತರ್ತೀಯ?" ಎಂದರು. ಮರುದಿನ ಸೋಮವಾರ, ಬಸ್ಸು ಬಂತು, ಜನ ಮುಗಿಬಿದ್ದರು. ನಾನು ಎಂದಿನಂತೆ ಕಿಟಕಿಯಿಂದ ಚೀಲ ಇಳಿಬಿಟ್ಟು, ನೂಕಾಡಿಕೊಂಡು ಮೇಲೆ ಹತ್ತಿ ನೋಡಿದರೆ ನನ್ನ ಸೀಟಿನಲ್ಲಿ ಒಬ್ಬ ಹೆಂಗಸು ಮಂಕರಿ ಬುಟ್ಟಿ ಸಮೇತ ಕೂತಿದ್ದಾಳೆ. ಚೀಲ ಇಲ್ಲ.

"ಇಲ್ಲಿ ನನ್ನ ಚೀಲ ಇತ್ತಲ್ಲಮ್ಮ?" ಎಂದು ಸೀಟಿನಡಿ ಬಗ್ಗಿ ನೋಡಿದೆ.

"ಖಾಲಿ ಚೀಲ ಒಂದಿತ್ತು ನೋಡವ್ವ. ಹಿಂದಕ್ಕೆ ಕೊಟ್ಟೆ."

ಹಿಂದಿನವನು ಕಂಡಕ್ಟರಿಗೆ ಕೊಟ್ಟಿದ್ದ. ಕಂಡಕ್ಟರು ಡ್ರೈವರಿಗೆ ಕೊಟ್ಟಿದ್ದ. ಮುಂದೆ ಹೋಗಿ ನೋಡಿದರೆ ಇಂಜಿನ್ನಿನ ಮೇಲೆ ನನ್ನ ಚೀಲ, ಚೀಲದ ಮೇಲೆ ಡ್ರೈವರನ ಬುತ್ತಿ.

"ಖಾಲಿ ಐತೆ ಅಂದ್ರು ಮೇಡಂ. ಬುತ್ತಿ ಕೆಳಗೆ ಇಟ್ಟಿದ್ದೆ, ಇಂಜಿನ್ ಬಿಸಿಗೆ ಮೊಸರನ್ನ ಹುಳಿ ಬರ್ತತೆ ಅಂತ" ಎಂದ.

ಲ್ಯಾಪ್‌ಟಾಪ್ ಪುಣ್ಯಕ್ಕೆ ಬದುಕಿತು. ಆದರೆ ಅವತ್ತು ಮೊಳಕಾಲ್ಮುರಿನವರೆಗೂ ನಿಂತೇ ಹೋದೆ. ಮರುದಿನವೂ ನಿಂತೆ. ಅದರ ಮರುದಿನವೂ. ಆ ಹಗುರದ ಚೀಲವನ್ನು ಯಾರು ಬೇಕಾದರೂ ಕಿರುಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು ಕೂರುತ್ತಿದ್ದರು. ವಾರ ಕಳೆದರೂ ಒಂದು ಸಾಲು ನೋಟ್ಸ್ ಆಗಲಿಲ್ಲ. "ಮಿಸ್, ನೋಟ್ಸ್?" ಎಂದು ಹುಡುಗರು ಕೇಳಿದಾಗಲೆಲ್ಲ ನಾಳೆ ಎಂದೆ. ಪರೀಕ್ಷೆ ಹತ್ತಿರ ಬರುತ್ತಿತ್ತು, ನನಗೆ ನಿಜಕ್ಕೂ ಭಯವಾಗುತ್ತಿತ್ತು.

ಮನೆಯಲ್ಲಿ ಹೇಳಿಕೊಂಡೆ. ಅತ್ತೆ ನಕ್ಕರು, ಯಜಮಾನರು ಹೊರಗೆ ಹೋಗಿ ನಕ್ಕರು. ಮಾವ ನಗಲಿಲ್ಲ. ಮಂಡಿಗೆ ಹೋಗಿ, ತಕ್ಕಡಿಯ ಹಳೆಯ ಕಬ್ಬಿಣದ ತೂಕದ ಕಲ್ಲೊಂದನ್ನು ತಂದರು. ಹಳೇ ಪಂಚೆಯ ತುಂಡಿನಲ್ಲಿ ಮಗುವಿಗೆ ಸುತ್ತುವಂತೆ ಸುತ್ತಿ, ಚೀಲದ ಬದಿಯ ಜೇಬಿಗೆ ಇಳಿಸಿದರು.

"ನಾನು ಅವತ್ತೇ ಹೇಳಲಿಲ್ಲೇನವ್ವ? ಮಾಲಿಗೆ ತೂಕ ಇರ್ಬೇಕು."

ಮರುದಿನ ಕಿಟಕಿ ಪಕ್ಕದ ಸೀಟು ನನ್ನದೇ. ಆ ಮಂಕರಿಯ ಹೆಂಗಸು ಚೀಲಕ್ಕೆ ಕೈಹಾಕಿ, ಮುಖ ಹುಳ್ಳಗೆ ಮಾಡಿಕೊಂಡು ಮುಂದೆ ಹೋದಳು. ಪರೀಕ್ಷೆಗೆ ಮೊದಲೇ ಹುಡುಗರ ಕೈಗೆ ನೋಟ್ಸ್ ಸೇರಿತು.

ಭುಜದ ನೋವು ಮಾತ್ರ ತಿರುಗಿ ಬಂತು. ಮತ್ತೆ ಅದೇ ಡಾಕ್ಟರು.

"ಹಗುರದ್ದು ತಗೊಂಡ್ರಂತೆ? ಆದ್ರೂ ನೋವೈತಾ?"

"ಐತೆ ಸಾರ್. ಹಗುರ ಇದ್ದಾಗ ನಿಂತ್ಕೊಂಡು ಕಾಲು ನೋಯ್ತಿತ್ತು, ಈಗ ಕೂತ್ಕೊಂಡು ಭುಜ ನೋಯ್ತತೆ."

"ಎಲ್ಲಾ ಮನಸ್ಸಿಂದು ಬಿಡ್ರಿ. ಎಲ್ಲಿ, ಎಷ್ಟು ಹಗುರ ಐತೆ ನೋಡಾನ" ಎಂದು ನಗುತ್ತಾ, ನಾನು ಬೇಡ ಬೇಡ ಅನ್ನುವಷ್ಟರಲ್ಲಿ, ಒಂದೇ ಬೆರಳು ಹಾಕಿ ಚೀಲ ಎತ್ತಿಬಿಟ್ಟರು. ಆಮೇಲೆ ಬಗ್ಗಿದ ಹಾಗೇ ನಿಂತು, ತಲೆಯೆತ್ತದೆ, ಕಾಂಪೌಂಡರನ್ನು ಕೂಗಿದರು.

"ಎರಡು ಮುಲಾಮು ತಗೊಂಬಾರಪ್ಪ!"