ನಾಗೇಶ ಜನ ಸೇರಿಸಿದ್ದು

ನಾಟಕಕ್ಕೆ ಬನ್ನಿ ಎಂದು ಕರೆಯಲು ನಾಗೇಶನಿಗೆ ನಾಚಿಕೆ. ಎಲ್ಲ ತೊಂದರೆಗೂ ಮೂಲ ಅದೇ.

ಕಳಸದಿಂದ ಮೂಡಿಗೆರೆ ಕಡೆ ಹೋಗುವ ರಸ್ತೆಯ ಒಂದು ಊರಲ್ಲಿ ಅವನದು ಜೆರಾಕ್ಸ್ ಅಂಗಡಿ. ಜೊತೆಗೆ ಊರಿನ ನಾಟಕ ತಂಡದ ಕಾರ್ಯದರ್ಶಿಯೂ ಅವನೇ. ಹಿಂದಿನ ನಾಟಕಕ್ಕೆ ಬಂದವರು ಒಂಬತ್ತು ಮಂದಿ. ಅದರಲ್ಲಿ ಇಬ್ಬರು ಬಸ್ಸು ತಪ್ಪಿಸಿಕೊಂಡವರು. ಹೀಗಾಗಿ ರಂಗಮಂದಿರವನ್ನು ಸಿಮೆಂಟಿನ ಗೋದಾಮು ಮಾಡಲು ಪಂಚಾಯಿತಿ ಹೊರಟಿತ್ತು. ಪಿಡಿಒ ಸುದೀಪ ಕೊನೆಯ ಅವಕಾಶ ಕೊಟ್ಟಿದ್ದರು. "ಭಾನುವಾರ ಮೂರು ಗಂಟೆಗೆ ನಾನೇ ಬಂದು ತಲೆ ಎಣಿಸ್ತೀನಿ. ಐವತ್ತು ಜನ ಇದ್ರೆ ಮಂದಿರ ನಿಮ್ದೇ."

ಭಾನುವಾರ ಬೆಳಿಗ್ಗೆ ನಾಗೇಶನಿಗೆ ಮೊದಲು ಸಿಕ್ಕವನು ಜೀಪು ಓಡಿಸುವ ಶಂಕರ.

"ನಾಟಕನಾ? ಪಾಪ, ಇನ್ನೂ ಬಿಟ್ಟಿಲ್ವಾ ಮಾರಾಯ ನೀವು?"

ಆ 'ಪಾಪ' ನಾಗೇಶನಿಗೆ ರಕ್ತ ಹೀರುವ ಇಂಬಳದಂತೆ ಕಚ್ಚಿಕೊಂಡಿತು. "ನಾಟಕ ನೆಪಕ್ಕೆ ಅಷ್ಟೆ. ಡ್ರೈವರುಗಳಿಗೆ ಖಾಕಿ ಬಟ್ಟೆ ಹಂಚ್ತಾರಂತೆ" ಎಂದುಬಿಟ್ಟ. ಶಂಕರ ಆಗಲೇ ಫೋನು ಕಿವಿಗಿಟ್ಟು ಉಳಿದ ಡ್ರೈವರುಗಳನ್ನು ಕೂಗತೊಡಗಿದ್ದ.

ಒಂದು ಸುಳ್ಳು ಸಲೀಸಾದ ಮೇಲೆ ಎರಡನೆಯದು ತಾನಾಗಿ ಬಂತು. ತೋಟದ ಸತ್ಯವತಮ್ಮನಿಗೆ ಮೆಣಸಿನ ಬಳ್ಳಿ ಪುಕ್ಕಟೆ ಎಂದ. ನಲವತ್ತು ವರ್ಷ ಎಸ್ಟೇಟಿನಲ್ಲಿ ಕಾಫಿ ಕೊಯ್ದ ರುಕ್ಮಿಣಮ್ಮ ಎದುರಾಗಿ, "ಯಾರಪ್ಪ, ನಾಗೇಶನಾ? ಕಣ್ಣೆಲ್ಲ ಮಂಜು ಮಂಜು" ಎಂದಾಗ, ಮಂದಿರಕ್ಕೆ ಕಣ್ಣಿನ ಡಾಕ್ಟ್ರು ಬರ್ತಾರೆ ಎಂದ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಊರೆಲ್ಲ ಹಬ್ಬಿತ್ತು.

ಮೂರು ಗಂಟೆಗೆ ಮಂದಿರ ತುಂಬಿತು. ಪರದೆಯ ಸಂದಿಯಿಂದ ನೋಡಿದ ಭುವನಾ ಮೇಡಂ ಕಣ್ಣೊರೆಸಿಕೊಂಡರು. ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವ ಅವರೇ ನಾಟಕ ಬರೆದು, ಆಡಿಸಿ, ರಾಜನ ಪಾತ್ರವನ್ನೂ ಹಾಕಿದ್ದರು.

"ನಾಗೇಶ, ಹೇಗೆ ಕರ್ಕೊಂಡು ಬಂದ್ರಿ ಇಷ್ಟು ಜನಾನ?"

"ಪ್ರೀತಿಯಿಂದ ಮೇಡಂ" ಎಂದ. ಮುಖ ಮಾತ್ರ ಹಣ್ಣು ಕಾಫಿಯ ಕೆಂಪು ಬಣ್ಣಕ್ಕೆ ತಿರುಗಿತ್ತು.

ರಾಜ ರಂಗಕ್ಕೆ ಬಂದು ಮೀಸೆ ತಿರುವಿ ಗರ್ಜಿಸಿದ. "ಎಲೈ ಪ್ರಜೆಗಳೇ, ನನ್ನ ರಾಜ್ಯದಲ್ಲಿ ನಿಮಗೇನು ಕೊರತೆ?"

ಸತ್ಯವತಮ್ಮ ಎದ್ದು ನಿಂತರು. "ಮೆಣಸಿನ ಬಳ್ಳಿ ಎಲ್ಲಿ?"

"ಖಾಕಿ ಬಟ್ಟೆ?" ಎಂದು ಶಂಕರ ಹಿಂದಿನಿಂದ ಕೂಗಿದ.

ರಾಜ ತಬ್ಬಿಬ್ಬಾದರೂ ಬಿಟ್ಟುಕೊಡಲಿಲ್ಲ. "ಮಂತ್ರಿ! ಬೊಕ್ಕಸದಲ್ಲಿ ಬಳ್ಳಿ ಇದೆಯೇ?"

ಮಂತ್ರಿ ಪಂಚೆ ಕೊಡವಿ ಖಾಲಿ ಎಂದು ತೋರಿಸಿದ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇದೆಲ್ಲ ನಾಟಕದ್ದೇ ಎಂದುಕೊಂಡ ಪಿಡಿಒ ಚಪ್ಪಾಳೆ ತಟ್ಟಿದರು.

ಆಗ ಮುಂದಿನ ಸಾಲಿನಿಂದ ರುಕ್ಮಿಣಮ್ಮನ ದನಿ ಬಂತು. "ಕಣ್ಣಿನ ಡಾಕ್ಟ್ರು ಎಷ್ಟು ಹೊತ್ತಿಗೆ ಬರ್ತಾರಪ್ಪ? ಎರಡು ಮೈಲಿ ನಡ್ಕೊಂಡು ಬಂದೀನಿ."

ಯಾರೂ ನಗಲಿಲ್ಲ. ರಾಜ ಮೀಸೆಯಿಂದ ಕೈ ತೆಗೆದು ರಂಗದ ಅಂಚಿಗೆ ಬಂದ. "ಅಜ್ಜಿ, ಯಾರು ಹೇಳಿದ್ರು ನಿಮಗೆ?"

"ನಮ್ಮ ನಾಗೇಶ. ಒಳ್ಳೆ ಹುಡುಗ."

ಪರದೆಯ ಹಿಂದಿದ್ದ ನಾಗೇಶನಿಗೆ ಬೈಗುಳವಾದರೆ ತಡೆದುಕೊಳ್ಳಬಹುದಿತ್ತು. ಈ ಹೊಗಳಿಕೆ ತಡೆಯಲಾಗಲಿಲ್ಲ. ರಂಗದ ಮೇಲೆ ಬಂದು ತಲೆ ತಗ್ಗಿಸಿ ನಿಂತ. "ಬಟ್ಟೆ ಇಲ್ಲ, ಬಳ್ಳಿ ಇಲ್ಲ, ಡಾಕ್ಟ್ರೂ ಇಲ್ಲ. ನಾಟಕ ಅಂತ ಕರೆಯೋಕೆ ನಾಚಿಕೆಯಾಗಿ ಸುಳ್ಳು ಹೇಳ್ದೆ. ರುಕ್ಮಿಣಮ್ಮ, ನಾಳೆ ನಾನೇ ಮೂಡಿಗೆರೆಗೆ ಕರ್ಕೊಂಡು ಹೋಗಿ ತೋರಿಸ್ತೀನಿ."

ಭುವನಾ ಮೇಡಂ ಅವನತ್ತ ನೋಡದೆ ಮೆಲ್ಲಗೆ ಕೇಳಿದರು. "ನಮ್ಮ ನಾಟಕ ಅಷ್ಟೊಂದು ನಾಚಿಕೆಯದ್ದಾ, ನಾಗೇಶ?"

ಅವನಿಗೆ ಅಲ್ಲೇ ಕಾಲಡಿಯ ಹಲಗೆ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು. ಜನ ಏಳಲು ಕುರ್ಚಿ ಸರಿಸಿದ ಸದ್ದಾಯಿತು.

"ಎಲ್ಲಿಗೆ ಹೊರಟ್ರಿ ಎಲ್ರೂ?" ರುಕ್ಮಿಣಮ್ಮ ಗದರಿದರು. "ಕಣ್ಣು ಹೋದ್ರೂ ನನ್ನ ಕಿವಿ ಚೆನ್ನಾಗಿದೆ. ಆ ರಾಜನ ಕತೆ ಏನಾಯ್ತು, ಮುಂದುವರ್ಸಿ."

ಜನ ಕೂತರು. ಕೊನೆಯವರೆಗೂ ಕೂತು ನಕ್ಕರು. ನಾಗೇಶ ರುಕ್ಮಿಣಮ್ಮನ ಪಕ್ಕ ಕೂತು, ರಂಗದಲ್ಲಿ ನಡೆದದ್ದನ್ನೆಲ್ಲ ಕಿವಿಯಲ್ಲಿ ಹೇಳಿದ.

ಮುಗಿದ ಮೇಲೆ ಪಿಡಿಒ ಎದ್ದರು. "ಎಪ್ಪತ್ತೆರಡು ತಲೆ. ಮಂದಿರ ನಿಮ್ದೇ. ಆದ್ರೆ ಒಂದು ಷರತ್ತು. ನಮ್ಮ ಗ್ರಾಮಸಭೆಗೆ ಆರು ಜನಾನೂ ಬರಲ್ಲ. ಇನ್ನು ಮುಂದೆ ಜನ ಸೇರಿಸೋ ಜವಾಬ್ದಾರಿ ನಾಗೇಶ ಅವ್ರದ್ದು."

"ಸಾರ್, ನಾನು ಇನ್ನು ಸುಳ್ಳು ಹೇಳಲ್ಲ" ಎಂದು ನಾಗೇಶ ಕೈಮುಗಿದ.

"ಸುಳ್ಳು ಯಾಕೆ ಹೇಳ್ಬೇಕು ಮಾರಾಯ?" ಎಂದರು ರುಕ್ಮಿಣಮ್ಮ. "ಪಂಚಾಯಿತಿಯೋರು ನಾಟಕ ಆಡ್ತಾರೆ ಅಂತ ಹೇಳು."