ಗೊರಬೆ ಹೊದ್ದ ಗಾಯಕ

ಕೆಲವು ರಾಗಗಳನ್ನು ಹಾಡಿದರೆ ಮಳೆ ಬರುತ್ತದೆಂದು ಬಲ್ಲವರು ಹೇಳುತ್ತಾರೆ. ಹಾಗೆ ಹೇಳಿದವರು ಮಳೆಗಾಲದಲ್ಲಿ ಕೊಡಗಿಗೆ ಬಂದವರಲ್ಲ. ನಮಗೆ ಬೇಕಾಗಿರುವುದು ಮಳೆ ನಿಲ್ಲಿಸುವ ರಾಗ. ಅದನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಆದರೂ ನಮ್ಮ ಕಡೆ ನನಗೆ ಮಳೆಗೆ ಜಗ್ಗದ ಗಾಯಕನೆಂಬ ಹೆಸರಿದೆ. ಆ ಹೆಸರು ಬಂದ ಬಗೆಯನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ. ಕೇಳಿದಾಗಲೆಲ್ಲ ವಿನಯದಿಂದ ನಕ್ಕು ಸುಮ್ಮನಾಗಿದ್ದೇನೆ. ವಿನಯದಿಂದ ಇರುವ ದೊಡ್ಡ ಅನುಕೂಲವೇ ಅದು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಕಕ್ಕಬೆಯ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೆ. ಹಗಲಿಡೀ ಆಳುಗಳ ಹಾಜರಿ, ಸಂಜೆಯಾದರೆ ಹಾರ್ಮೋನಿಯಂ. ಆಳುಗಳ ಲೈನುಮನೆಗಳಲ್ಲಿದ್ದವರೆಲ್ಲ ಸಹಿಸಿಕೊಂಡಿದ್ದರು, ಹಾಜರಿ ಹಾಕುವವನ ಸಂಗೀತವನ್ನು ಯಾರು ತಾನೇ ಬೈದಾರು? ಆ ವರ್ಷ, ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತದ ಹಬ್ಬಕ್ಕೆ ಊರ ಹಿರಿಯರೊಬ್ಬರು, ಮೈಸೂರಿಗೆ ಸೇರಿದ ಮೇಲೆ ನಮ್ಮಲ್ಲೂ ಮೈಸೂರಿನವರ ಹಾಗೆ ಒಂದು ಗಾಯನವಿರಲಿ ಎಂದರು. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೂ ವಾಲಗದ ಕುಣಿತಕ್ಕೂ ನಡುವೆ ನನ್ನನ್ನು ತುರುಕಿದರು.

ಅದೇ ಹೊತ್ತಿಗೆ ಸಂಪಾಜೆ ಕಡೆಯಿಂದ ನನಗೊಂದು ಸಂಬಂಧ ಕೂಡಿಬರುವುದರಲ್ಲಿತ್ತು. ಹುಡುಗಿಯನ್ನು ಒಂದು ಮದುವೆ ಮನೆಯಲ್ಲಿ ನೋಡಿದ್ದೆ. ಒಪ್ಪಿದೆ ಎಂದರೆ ಕಡಿಮೆಯಾದೀತು, ಊಟ ಸೇರದಂತಾಗಿತ್ತು. ಅವಳ ಅಪ್ಪ ಮಾತ್ರ ಹುಡುಗನನ್ನು ಕಣ್ಣಾರೆ ನೋಡದೆ ಮಾತು ಕೊಡುವವರಲ್ಲ. ಹಬ್ಬಕ್ಕೇ ಬರುತ್ತೇವೆ, ಹಾಡೂ ಕೇಳಿದ ಹಾಗಾಯಿತು ಎಂದು ಹೇಳಿ ಕಳಿಸಿದರು.

ಹಬ್ಬದ ದಿನ ಮಳೆ ಕರೆಯದೆಯೇ ಬಂತು. ಬಯಲಿನಲ್ಲಿ ಬೆಂಚು ಹಾಕಿ, ಮೇಲೊಂದು ಟಾರ್ಪಾಲು ಕಟ್ಟಿ, ನನ್ನ ಗೌರವಕ್ಕೆಂದು ಸಂತೆಯಿಂದ ತಂದ ಹೊಚ್ಚ ಹೊಸ ಕೆಂಪು ಬಟ್ಟೆಯನ್ನು ಬೆಂಚಿಗೆ ಹಾಸಿದ್ದರು. ಮುಂದೆ ಮೇಜು, ಅದರ ಮೇಲೆ ಹಾರ್ಮೋನಿಯಂ. ನಾನು ಬೆಳ್ಳಗಿನ ಪಂಚೆಯುಟ್ಟು ಕೂತೆ. ಎದುರಿಗೆ ಮುಖಗಳೇ ಇಲ್ಲ, ಬರೀ ಕರಿ ಕೊಡೆಗಳು. ಹೆಂಗಸರೆಲ್ಲ ನನ್ನ ಬೆನ್ನ ಹಿಂದಿನ ದಿಬ್ಬದ ಮೇಲೆ, ಹಲಸಿನ ಮರದಡಿ ನಿಂತಿದ್ದರು, ಹುಡುಗಿಯೂ ಅಲ್ಲೇ. ಮೊದಲ ಹಾಡು ಮುಗಿಯಿತು. ಒಂದು ಚಪ್ಪಾಳೆಯಿಲ್ಲ. ಒಂದು ಕೈಯಲ್ಲಿ ಕೊಡೆ ಹಿಡಿದವರು ಚಪ್ಪಾಳೆ ತಟ್ಟಲಾರರು ಎಂಬುದು ಹೊಳೆಯುವಷ್ಟರಲ್ಲಿ ನನ್ನ ಅರ್ಧ ಜೀವ ಹೋಗಿತ್ತು.

ಉಳಿದರ್ಧ ಹೋದದ್ದು ಎರಡನೆಯ ಹಾಡಿನಲ್ಲಿ. ಟಾರ್ಪಾಲಿನ ತೂತಿನಿಂದ ಇಳಿದ ನೀರು ಬೆಂಚನ್ನೆಲ್ಲ ತೋಯಿಸಿತ್ತು. ಕಾಲ ಬುಡದಲ್ಲಿ ಕೆಂಪು ನೀರು ಹರಿಯುತ್ತಿತ್ತು. ಯಾರೋ ಎಲೆಅಡಿಕೆ ಉಗಿದಿದ್ದಾರೆಂದುಕೊಂಡೆ. ಸಂಶಯ ಬಂದು ಕೆಳಗೆ ಕೈಯಾಡಿಸಿ ನೋಡಿದರೆ ಅಂಗೈ ಕೆಂಪಗಾಗಿತ್ತು. ಹೊಸ ಬಟ್ಟೆ ತನ್ನ ಬಣ್ಣವನ್ನೆಲ್ಲ ನನ್ನ ಪಂಚೆಯ ಹಿಂಭಾಗಕ್ಕೆ ಧಾರೆಯೆರೆದಿತ್ತು.

ಅಷ್ಟರಲ್ಲಿ ಬೆಂಕಿಯ ಹತ್ತಿರ ಡೋಲು ಕಾಯಿಸುತ್ತಿದ್ದ ವಾಲಗದವರು ಚರ್ಮ ಬಿಗಿಯಾಯಿತೇ ಎಂದು ನೋಡಲು ಮೆಲ್ಲನೆ ಬಡಿದರು. ಕೊಡಗಿನಲ್ಲಿ ಅಷ್ಟು ಸಾಕು. ಕೊಡೆಗಳು ಕುಣಿಯತೊಡಗಿದವು. ವಾಲಗ ಬಿಟ್ಟುಕೊಟ್ಟೀತೇ? ಪೂರಾ ಶುರುವಾಯಿತು. ಆ ಮಳೆ, ಆ ಡೋಲು, ನಡುವೆ ಕೊಂಬಿನ ಕೂಗು! ಈಗ ನೆನೆದರೂ ನನ್ನ ಕಾಲು ತಾನಾಗಿ ಅಲುಗುತ್ತದೆ, ಮೈ ಜುಮ್ಮೆನ್ನುತ್ತದೆ. ಅಂದು ಮಾತ್ರ ಬೆವರಿದೆ. ವಾಲಗದ ಹೊತ್ತಿಗೆ ಕೂತವರನ್ನು ಕೈಹಿಡಿದು ಎಬ್ಬಿಸುವುದು ನಮ್ಮಲ್ಲಿ ವಾಡಿಕೆ. ಏಳದಿದ್ದರೆ ಕರೆದವರಿಗೆ ಅವಮಾನ. ನನ್ನನ್ನು ಎಬ್ಬಿಸಲು ಬಂದವರು ಹುಡುಗಿಯ ಅಪ್ಪ.

"ಏಳಿ ಮಾರಾಯ್ರೆ, ವಾಲಗ ಸುರು ಆತ್. ಇನ್ನು ಕುದ್ರಿಕೆ ಉಟ್ಟಾ?" ಎಂದು ತೋಳು ಹಿಡಿದೆಳೆದರು. ಅರ್ಧ ಎದ್ದವನು ಬೆನ್ನ ಹಿಂದಿನ ದಿಬ್ಬ ನೆನಪಾಗಿ ಧೊಪ್ಪನೆ ಕೂತೆ. ಹಾಡನ್ನು ನಡುವೆ ಬಿಟ್ಟು ಏಳಬಾರದೆಂದು ನನ್ನ ಗುರುಗಳ ಅಪ್ಪಣೆಯಿದೆ ಎಂದೆ. ಗುರುಗಳು ನನಗೆ ಇರಲೇ ಇಲ್ಲ. ಹಾಡಿದೆ, ಹಾಡಿದೆ, ಗೊತ್ತಿದ್ದದ್ದೆಲ್ಲ ಮುಗಿದು ಶಾಲೆಯ ಮಗ್ಗಿಯನ್ನೂ ರಾಗವಾಗಿ ಹಾಡಿದೆ. ಡೋಲಿನ ಸದ್ದಿಗೆ ಯಾರಿಗೆ ಕೇಳಬೇಕು? ಹುಡುಗಿಯ ಅಪ್ಪ ಮಾತ್ರ ಕೊಡೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಸಂಬಂಧ ಮುರಿಯಿತೆಂದೇ ಲೆಕ್ಕ ಹಾಕಿದೆ.

ಆಗ ದಿಬ್ಬದ ಮೇಲಿಂದ ಹುಡುಗಿಯ ಸೋದರತ್ತೆ ಒಂದು ಗೊರಬೆ ಹಿಡಿದುಕೊಂಡು ಇಳಿದು ಬಂದರು. ಗೊರಬೆಯೆಂದರೆ ನಾಟಿಯ ಹೆಂಗಸರು ಮಳೆಗೆ ಹೊದೆಯುವ ಎಲೆಯ ಗೂಡು. ತಲೆಯಿಂದ ತೊಡೆಯವರೆಗೆ ಹಿಂಭಾಗವನ್ನು ಪೂರಾ ಮುಚ್ಚುತ್ತದೆ.

"ಗೂಡೆ ಕೊಟ್ಟದ್. ಹೊದ್ಕಣಿ, ಸೀತ ಆದು," ಎಂದರು. ಗೂಡೆಯೆಂದರೆ ಅವರ ಮಾತಿನಲ್ಲಿ ಹುಡುಗಿ.

ಹೊದ್ದುಕೊಂಡೆ, ಎದ್ದೆ, ಕುಣಿದೆ. ಗೊರಬೆ ಹೊದ್ದ ಗಂಡಸನ್ನು ಕಂಡು ಊರೇ ನಕ್ಕಿತು. ನಗಲಿ, ನನ್ನಷ್ಟು ಸುಖವಾಗಿ ಅಂದು ಯಾರೂ ಕುಣಿದಿರಲಾರರು. ಹಿಡಿದ ಕೆಲಸ ಬಿಡದ ಹೈದ ಎಂದು ಮಾವನವರು ಅಲ್ಲಿಯೇ ಒಪ್ಪಿದರು. ಸಂಪಾಜೆಯವರೆಗೂ ನನ್ನ ಸಂಗೀತನಿಷ್ಠೆಯನ್ನು ಸಾರಿದರು. ಅಂದಿನಿಂದ ಪ್ರತಿ ವರ್ಷ ಅದೇ ಮಳೆಯಲ್ಲಿ ಹಾಡುವ ಶಿಕ್ಷೆ ತಪ್ಪಿಲ್ಲ. ನನಗೆ ನೆಗಡಿಯಾದೀತೆಂದು ಮದುವೆಗೆ ಮುಂಚೆಯೇ ಮರುಗಿದ ಹೆಂಡತಿಯ ಮೃದು ಮನಸ್ಸನ್ನು ಇಷ್ಟು ವರ್ಷ ಎಲ್ಲರೆದುರು ಹೊಗಳುತ್ತಲೇ ಬಂದೆ. ಅವಳೂ ವಿನಯದಿಂದ ನಕ್ಕು ಸುಮ್ಮನಿರುತ್ತಿದ್ದಳು.

ಈ ಸಲ ಹಬ್ಬದ ಬೆಳಿಗ್ಗೆ ಹಾರ್ಮೋನಿಯಂ ಒರೆಸುತ್ತಾ ಕೂತಿದ್ದೆ. ಅವಳು ಮಡಿಸಿದ ಹೊಸ ಪಂಚೆಯೊಂದನ್ನು ತಂದು ಅದರ ಮೇಲಿಟ್ಟಳು.

"ಗೊರಬೆ ಈಗ ಎಲ್ಲೂ ಸಿಕ್ಕುಲೆ. ಇದ್ನ ಉಟ್ಕಣಿ," ಎಂದು ಒಳಗೆ ಹೋದಳು.

ಬಿಡಿಸಿ ನೋಡಿದೆ. ಅಂಚಿನಿಂದ ಅಂಚಿನವರೆಗೆ ಕೆಂಪು.