ಭಾವಮೈದುನನ ಕ್ಯಾಸೆಟ್ಟು

ಹೊಟ್ಟೆಕಿಚ್ಚು ಪಡಲು ದೂರದವರು ಉಪಯೋಗಕ್ಕೆ ಬರುವುದಿಲ್ಲ. ಮುಂಬಯಿಯ ಗಾಯಕ ಬಂಗಲೆ ಕಟ್ಟಿಸಿದರೂ ನಾನು ಗೊರಕೆ ಹೊಡೆಯುತ್ತೇನೆ. ಚಿಕ್ಕೇರೂರಿನ ಭಾವಮೈದುನ ಬಸವರಾಜ ಹೊಸ ಅಂಗಿ ತೊಟ್ಟರೆ ನಿದ್ದೆ ಬರುವುದಿಲ್ಲ. ಅಂಥವನು ಎಂಬತ್ತರ ದಶಕದಲ್ಲಿ ಒಂದು ಕ್ಯಾಸೆಟ್ಟನ್ನೇ ತಂದುಬಿಟ್ಟ.

ಅದುವರೆಗೆ ಹೆಂಡತಿಯ ತವರಿನಲ್ಲಿ ಸಂಗೀತ ಬಲ್ಲವನೆಂದರೆ ನಾನೊಬ್ಬನೇ. ಹಿರೇಕೆರೂರಿನ ಸಾಲೆಯಲ್ಲಿ ಮಾಸ್ತರಿಕೆ, ಸಂಜೆ ಭಜನೆಗೆ ಹಾರ್ಮೋನಿಯಂ. ಈ ಬಸವರಾಜ ನಮ್ಮ ಅತ್ತೆ ಹಾಡುತ್ತಿದ್ದ ಬೀಸುವ ಪದಗಳಿಗೆ ಎಲೆಕ್ಟ್ರಿಕ್ ಗಿಟಾರು, ಡ್ರಮ್ ಸೆಟ್ ಸೇರಿಸಿ, ತಾನೇ ಹಾಡಿ ಹುಬ್ಬಳ್ಳಿಯಲ್ಲಿ ರೆಕಾರ್ಡ್ ಮಾಡಿಸಿದ್ದ. ನನ್ನವಳು ಗಿರಿಜಾ ದಿನವಿಡೀ ಅದನ್ನೇ ಹಚ್ಚುತ್ತಿದ್ದಳು. ಕಡೆಗೆ ರೊಟ್ಟಿ ಬಡಿಯುವುದೂ ಡ್ರಮ್ಮಿನ ತಾಳಕ್ಕೇ ಆಯಿತು.

ಹೀಗಿರುವಾಗ ಒಂದು ವಾರಪತ್ರಿಕೆಯಲ್ಲಿ ವಿಮರ್ಶೆ ಬಂತು. ‘ಬೀಸುಕಲ್ಲಿಗೆ ಕರೆಂಟು ಕೊಟ್ಟಂತಿದೆ. ಗಾಯಕರು ಹಾಡುತ್ತಿದ್ದಾರೋ ಎತ್ತು ಬೆದರಿಸುತ್ತಿದ್ದಾರೋ ತಿಳಿಯದು.’ ನನಗೆ ಆ ವಿಮರ್ಶಕನನ್ನು ಹುಡುಕಿ ಹೋಗಿ ಅಪ್ಪಿಕೊಳ್ಳಬೇಕೆನಿಸಿತು. ಭಾವಮೈದುನನಿಗೆ ಸಮಾಧಾನ ಹೇಳುವ ಕರ್ತವ್ಯ ತಟ್ಟನೆ ನೆನಪಾಗಿ, ಮುಖವನ್ನು ಆದಷ್ಟು ಸಣ್ಣದು ಮಾಡಿಕೊಂಡು ಚಿಕ್ಕೇರೂರಿನ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಬಸವರಾಜ ಆ ವಿಮರ್ಶೆಗೆ ಗಾಜಿನ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದ್ದ.

“ನೋಡಿದ್ರ್ಯಾ ಮಾವಾರ? ಪೇಪರ್‌ನ್ಯಾಗ ಬೈದಾರ್ರೀ! ಸವಣೂರಾಗ, ಶಿಗ್ಗಾಂವ್ಯಾಗ ಮದುವಿಗೆ ಕರಿಯಾಕತ್ತಾರ. ಆ ಎತ್ತು ಬೆದರಿಸೋ ಪದಾನ ಹಾಡು ಅಂತಾರ!”

ಸಣ್ಣದು ಮಾಡಿಕೊಂಡು ಬಂದಿದ್ದ ಮುಖವನ್ನು ಮೊದಲಿನ ಅಳತೆಗೆ ತಂದುಕೊಂಡೆ. ಇಷ್ಟು ವರ್ಷ ಹಾರ್ಮೋನಿಯಂ ಒತ್ತಿದ್ದೇನೆ. ನನ್ನನ್ನು ಅಚ್ಚಿನಲ್ಲಿ ಬೈಯಬೇಕೆಂದು ಯಾರಿಗೂ ಅನಿಸಿರಲಿಲ್ಲ. ಹೊಗಳಿಕೆಗೆ ಹೊಟ್ಟೆ ಉರಿಯುವುದು ಲೋಕರೂಢಿ. ಬೈಗುಳಕ್ಕೂ ಉರಿಯಿತಲ್ಲ ಎಂದು ನನಗೇ ಆಶ್ಚರ್ಯ.

“ಮುಂದಿನ ಕ್ಯಾಸೆಟ್ಟಿಗೆ ನೀವೂ ಬರ್ರೀ ಮಾವಾರ. ಹಾರ್ಮೋನಿಯಂ ಪೆಟಿಗಿ ನುಡಿಸಾಕ ಯಾರೂ ಇಲ್ಲ,” ಎಂದ.

“ನಮ್ಮಂಥಾರಿಗೆ ಅದೆಲ್ಲಾ ಯಾಕೋ ತಮ್ಮಾ,” ಎಂದೆ. ಅವನೆಲ್ಲಿ ‘ಹೌದು’ ಎಂದುಬಿಡುತ್ತಾನೋ ಎಂಬ ಹೆದರಿಕೆಯಿಂದ, “ಯಾವತ್ತು ಹೋಗೂದು?” ಎಂದೂ ಕೇಳಿಬಿಟ್ಟೆ.

ಹೋದೆ, ಗಿಟಾರು ಡ್ರಮ್ಮುಗಳ ನಡುವೆ ಬೆವರಿಳಿಸಿಕೊಂಡು ನುಡಿಸಿದೆ. ಎರಡನೆಯ ಕ್ಯಾಸೆಟ್ಟು ಬಂತು, ಅದೇ ವಿಮರ್ಶಕ ಮತ್ತೆ ಬರೆದ. ಗಿಟಾರಿಗೆ ಒಂದು ಪ್ಯಾರಾ ಬೈಗುಳ, ಡ್ರಮ್ಮಿಗೆ ಇನ್ನೊಂದು. ಬಸವರಾಜನ ಕಂಠಕ್ಕಂತೂ ಅರ್ಧ ಪುಟ. ಅಂಗಳದ ಬಿಸಿಲಿಗೆ ಪತ್ರಿಕೆ ಹಿಡಿದು ಮೇಲಿಂದ ಕೆಳಗೆ ಹುಡುಕಿದೆ. ಹಾರ್ಮೋನಿಯಂ ಎಂಬ ಶಬ್ದವೇ ಇಲ್ಲ.

ಗಿರಿಜಾ ಇಸಿದುಕೊಂಡು ಓದಿದಳು. ಅವಳ ಮುಖ ಅರಳಿತು.

“ಎಲ್ಲಾರಿಗೂ ಬೈದಾರ. ನಿಮ್ಮ ತಂಟೇಕ ಬಂದಿಲ್ಲ ನೋಡ್ರಿ. ಪುಣ್ಯಾ ಮಾಡೀರಿ!”

ಆ ಸಂತೋಷಕ್ಕೆ ಅವತ್ತು ಸಜ್ಜಕ ಮಾಡಿ ಬಡಿಸಿದಳು. ನನ್ನ ನಾಲಿಗೆಗೆ ಅದರ ಬೆಲ್ಲದ ಸಿಹಿಯೇ ಹತ್ತಲಿಲ್ಲ.